ಡೈರೆಕ್ಟರಮ್ಮ

ಮಗ ಕಾರ್ಖಾನೆಗೂ ಸೊಸೆ ಶಾಲೆಗೂ ಮೊಮ್ಮಗಳು ಕಾಲೇಜಿಗೂ ಹೋದ ಮೇಲೆ ಅಜ್ಜಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಚರ್ಮದ ಚೀಲ ಹಿಡಿದ ತೆಳ್ಳಗಿನ ಮನುಷ್ಯನೊಬ್ಬ ಗೇಟಿನ ಹತ್ತಿರ ಬಂದು ನಿಂತ. ಗೋಡೆಯ ಮೇಲಿನ ಮನೆ ನಂಬರನ್ನೂ ಕೈಯಲ್ಲಿದ್ದ ಕಾಗದವನ್ನೂ ಹೋಲಿಸಿ ನೋಡಿ ಕೇಳಿದ: "ನಿರ್ದೇಶಕರು ಇದ್ದಾರಾ?"

"ಸಿನಿಮಾದೋರು ಇಲ್ಲಿ ಯಾರೂ ಇಲ್ಲಪ್ಪ. ಪಕ್ಕದ ಬೀದೀಲಿ ಒಬ್ಬ ಮದುವೆ ವಿಡಿಯೋ ತೆಗೀತಾನೆ, ಅವನನ್ನ ಕೇಳು."

"ಸಿನಿಮಾ ಅಲ್ಲಮ್ಮ, ಕಂಪನಿ. ಏಣಿ ಕಂಪನಿ."

"ಓ, ನನ್ನ ಮಗನಾ? ಅವನು ಕಾರ್ಖಾನೇಲಿದ್ದಾನೆ."

"ಅವರಲ್ಲ. ಇದು ಹೆಣ್ಣುಮಕ್ಕಳ ಹೆಸರು" ಎಂದು ಆತ ಕಾಗದದಲ್ಲಿದ್ದ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರಿನ ಸಮೇತ ಓದಿದ.

ಆ ಹೆಸರು ಹಿಡಿದು ಅವಳನ್ನು ಕೊನೆಯ ಸಲ ಕರೆದವರು ಹಾಜರಿ ಕೂಗುವ ಶಾಲೆಯ ಮೇಷ್ಟ್ರು. ಅಜ್ಜಿ ತನಗೇ ಗೊತ್ತಿಲ್ಲದೆ ಎದ್ದು ನಿಂತುಬಿಟ್ಟಳು. ಮಡಿಲಲ್ಲಿದ್ದ ಬಟಾಣಿಯೆಲ್ಲ ಮೆಟ್ಟಿಲುಗಳ ಮೇಲೆ ಉರುಳಿಕೊಂಡು ಹೋಯಿತು.

ಬಂದವನು ತೆರಿಗೆ ಇಲಾಖೆಯ ಅಧಿಕಾರಿ. ಒಳ್ಳೆಯ ಸ್ವಭಾವದವನು, ಚೀಲ ಕೆಳಗಿಟ್ಟು ತಾನೂ ಕುಕ್ಕರಗಾಲಲ್ಲಿ ಕೂತು ಬಟಾಣಿ ಆರಿಸತೊಡಗಿದ. ಆರಿಸುತ್ತಲೇ ವಿಷಯ ಹೇಳಿದ. ಕಂಪನಿ ಪ್ರತಿ ತಿಂಗಳು ಕೆಲಸಗಾರರ ಸಂಬಳದಿಂದ ತೆರಿಗೆ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು. ಏಣಿ ಕಂಪನಿ ಒಂದೂವರೆ ವರ್ಷದಿಂದ ಹಿಡಿದಿದೆ, ಕಟ್ಟಿಲ್ಲ. ಕಂಪನಿಯ ಬ್ಯಾಂಕ್ ಖಾತೆಯಲ್ಲಿ ಈಗ ಏನೂ ಇಲ್ಲ.

"ಅಯ್ಯೋ ಪಾಪ" ಅಂದಳು ಅಜ್ಜಿ. ಇನ್ಯಾರದೋ ಮನೆಯ ಸುದ್ದಿ ಕೇಳಿದ ಹಾಗಿತ್ತು ಅವಳ ದನಿ.

"ಕಂಪನಿ ಕಟ್ಟದೇ ಇದ್ರೆ ಡೈರೆಕ್ಟರುಗಳು ಸ್ವಂತ ಕೈಯಿಂದ ಕಟ್ಟಬೇಕು ಅಂತ ಕಾನೂನಿದೆ. ನೀವು ಒಬ್ಬ ಡೈರೆಕ್ಟರು."

"ಸ್ವಂತ ಕೈ ಅಂದ್ರೆ?"

"ಸ್ವಂತ ಉಳಿತಾಯ. ಸ್ವಂತ ಆಸ್ತಿ." ಅವನು ತಲೆಯೆತ್ತಿ ಮನೆಯನ್ನು ನೋಡಿದ. "ಈ ಮನೆ ಯಾರ ಹೆಸರಲ್ಲಿದೆ ಅಮ್ಮ?"

"ನನ್ನ ಹೆಸರಲ್ಲೇ. ನಮ್ಮ ಯಜಮಾನರು ಹೋಗೋ ಮುಂಚೆ ಬರೆದುಕೊಟ್ಟಿದ್ದು" ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವಳ ಮಗನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಏಣಿಯಣ್ಣ ಅಂತ. ಬಾಡಿಗೆ ಶೆಡ್ಡಿನಲ್ಲಿ ಇಬ್ಬರು ಕೆಲಸಗಾರರನ್ನಿಟ್ಟುಕೊಂಡು ಅಲ್ಯೂಮಿನಿಯಂ ಏಣಿ ಮಾಡಲು ಶುರು ಮಾಡಿದವನು. ಈಗ ಅವನಿಗೆ ಸ್ವಂತ ಕಾರ್ಖಾನೆಯಿತ್ತು, ಮುಖ್ಯರಸ್ತೆಯಲ್ಲಿ ಗಾಜಿನ ಷೋರೂಮು ಇತ್ತು, ಬೆಳ್ಳಿ ಬಣ್ಣದ ಉದ್ದನೆಯ ಕಾರಿತ್ತು. ಮಾರಾಟವಾಗದ ಏಣಿಗಳೂ ಇದ್ದವು. ಅವು ಕಾರ್ಖಾನೆ ತುಂಬಿ, ಷೋರೂಮು ತುಂಬಿ, ಮನೆಯ ಹಿತ್ತಲಿಗೂ ಬಂದು ಸೇರಿದ್ದವು. ಬಟ್ಟೆ ಒಣಗಿಸುವುದಕ್ಕೆ ಮಾತ್ರ ತುಂಬ ಅನುಕೂಲವಾಗಿದ್ದವು.

ಆ ದಿನ ಸಂಜೆ ಊಟಕ್ಕೆ ಕೂತಾಗ ಅಜ್ಜಿ ಮಗನ ತಟ್ಟೆಗೆ ಅನ್ನ ಬಡಿಸುತ್ತ ಕೇಳಿದಳು: "ಏನೋ, ನಾನು ಡೈರೆಕ್ಟರಾ?"

ಏಣಿಯಣ್ಣನ ಕೈ ಬಾಯಿಯ ಹತ್ತಿರವೇ ನಿಂತಿತು. "ಯಾರಮ್ಮ ಹೇಳಿದ್ದು?"

"ಬಟಾಣಿ ಆರಿಸಿಕೊಟ್ಟೋನು."

ಸೊಸೆ ಟೀಚರ್ ಗಂಡನ ಮುಖ ನೋಡಿದಳು. ಅವಳು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಬೀದಿಗೆಲ್ಲ ಟೀಚರ್. ಮನೆಯಲ್ಲೂ ಬೇರೆ ಹೆಸರು ಬಳಕೆಯಲ್ಲಿರಲಿಲ್ಲ. ತಪ್ಪು ಮಾಡಿದ ಹುಡುಗನನ್ನು ಅವಳು ಬೈಯುತ್ತಿರಲಿಲ್ಲ. ಅವನೇ ಒಪ್ಪಿಕೊಳ್ಳುವವರೆಗೆ ಸುಮ್ಮನೆ ನೋಡುತ್ತಿದ್ದಳು.

"ಕಂಪನಿ ನೋಂದಣಿ ಮಾಡಿಸುವಾಗ ಹೆಸರು ಬೇಕಾಗಿತ್ತು" ಅಂದ ಏಣಿಯಣ್ಣ. "ಅಮ್ಮನ ಕೈಲಿ ರುಜು ಹಾಕಿಸಿಕೊಂಡಿದ್ದೆನಲ್ಲ, ಜ್ಞಾಪಕ ಇಲ್ವಾ ಅಮ್ಮ?"

"ಗ್ಯಾಸ್ ಸಂಪರ್ಕಕ್ಕೆ ಅಂದಿದ್ದೆ ನೀನು!"

"ಗ್ಯಾಸಿಂದೂ ಇತ್ತಮ್ಮ. ಅದರ ಕೆಳಗಡೆ ಇದೂ ಇತ್ತು."

"ಅಜ್ಜಿ, ಹಾಗಾದ್ರೆ ನೀನು ನಾನು ಗೊಂಬೆ ಆಡ್ತಿದ್ದ ಕಾಲದಿಂದ ಡೈರೆಕ್ಟರು!" ಮೊಮ್ಮಗಳಿಗೆ ಖುಷಿಯೋ ಖುಷಿ. "ಸಂಬಳದ ಬಾಕಿ ಎಷ್ಟು ಬರಬೇಕು ಕೇಳು."

"ಬರೋದಲ್ಲ ಕಣೇ, ಕೊಡಬೇಕಂತೆ."

"ಎಷ್ಟು ರೀ?" ಎಂದು ಟೀಚರ್ ಕೇಳಿದಳು.

ಏಣಿಯಣ್ಣ ತಟ್ಟೆಗೆ ಹೇಳಿದ.

"ಸ್ವಲ್ಪ ಜೋರಾಗಿ ಹೇಳಿ."

ಜೋರಾಗಿ ಹೇಳಿದ.

"ಅಬ್ಬಾ, ನಮ್ಮ ಏಣಿ ಹಾಕಿದ್ರೂ ಎಟುಕಲ್ಲ" ಅಂದಳು ಮೊಮ್ಮಗಳು. ಅಜ್ಜಿಗೆ ನಗು ಬಂತು. ಸೊಸೆಯ ಮುಖ ನೋಡಿ ಅದನ್ನು ಕೆಮ್ಮು ಮಾಡಿಕೊಂಡಳು.

"ಕೆಲಸಗಾರರಿಂದ ಹಿಡಿದುಕೊಂಡ ದುಡ್ಡು ಎಲ್ಲಿ ಹೋಯ್ತು?" ಅಂದಳು ಟೀಚರ್.

"ಅವರ ಸಂಬಳಕ್ಕೇ ಹೋಯ್ತು ಕಣೇ. ಆ ದೊಡ್ಡ ಕಟ್ಟಡದ ಕಂಪನಿಯವರು ಇನ್ನೂರು ಏಣಿ ತಗೊಂಡು ಕೈಯೆತ್ತಿಬಿಟ್ರಲ್ಲ, ಆವಾಗ. ಒಬ್ಬನನ್ನೂ ಕೆಲಸದಿಂದ ತೆಗೀಲಿಲ್ಲ ನಾನು. ಒಂದೇ ಒಂದು ತಿಂಗಳು ಈ ದುಡ್ಡಲ್ಲಿ ದೂಡೋಣ, ಮುಂದಿನ ತಿಂಗಳು ಸರಿ ಮಾಡೋಣ ಅಂದ್ಕೊಂಡೆ."

"ಕಾರು ಯಾವ ತಿಂಗಳು ಬಂತು?"

ಏಣಿಯಣ್ಣ ನೀರು ಕುಡಿದ. "ಕಾರಿಲ್ಲದೆ ಹೋದ್ರೆ ಬ್ಯಾಂಕಿನೋರು ಒಳಗೇ ಬಿಡಲ್ಲ."

"ಈಗ ಬಿಡ್ತಾರಾ?"

"ಈಗಲೂ ಬಿಡಲ್ಲ."

ಕಂಪನಿಗೆ ಇನ್ನೊಬ್ಬ ಡೈರೆಕ್ಟರೂ ಇದ್ದ: ಟೀಚರಳ ತಮ್ಮ, ಏಣಿಯಣ್ಣನ ಭಾಮೈದ. ಎರಡು ವರ್ಷ ಕಾನೂನು ಓದಿ ಅರ್ಧಕ್ಕೆ ಬಿಟ್ಟವನು. ಅಕ್ಕನ ಮಗಳು ಅವನಿಗೆ 'ಅರ್ಧ ವಕೀಲ' ಅಂತ ಹೆಸರಿಟ್ಟಿದ್ದಳು. ಷೋರೂಮಿನ ಉಸ್ತುವಾರಿ ಅವನದು. ಮರುದಿನ ಊಟದ ಹೊತ್ತಿಗೆ ಸರಿಯಾಗಿ ಹಾಜರಾದ. ಎರಡನೆಯ ಸಲ ಬಡಿಸಿಕೊಂಡು, ಎಲ್ಲರ ಗೋಳನ್ನೂ ಸಾವಧಾನವಾಗಿ ಕೇಳಿದ.

"ಭಾವ, ನನಗೂ ಇದಕ್ಕೂ ಸಂಬಂಧ ಇಲ್ಲ. ನಾನು ನಾಲ್ಕು ತಿಂಗಳ ಹಿಂದೆಯೇ ರಾಜೀನಾಮೆ ಕೊಟ್ಟಿದ್ದೀನಿ."

"ಯಾರಿಗೆ ಕೊಟ್ಟೆ?"

"ನಿಮಗೇ. ಮೇಜಿನ ಮೇಲಿಟ್ಟಿದ್ದೆ."

"ಅದರ ಮೇಲೆ ನಾನು ಚಹಾ ಲೋಟ ಇಡ್ತಿದ್ದೆನೋ!"

"ಇಡಿ. ನಕಲು ಪ್ರತಿ ಕಂಪನಿ ನೋಂದಣಿ ಕಚೇರಿಗೂ ಕಳಿಸಿದ್ದೀನಿ. ಮುಂದಾಲೋಚನೆ ಅಂದ್ರೆ ಇದೇ."

ಟೀಚರ್ ಎದ್ದು ಬಂದು ಅವನ ಮುಂದಿನಿಂದ ತಟ್ಟೆ ಎತ್ತಿಕೊಂಡಳು.

"ಅಕ್ಕ, ನಾನಿನ್ನೂ ತಿಂತಾ ಇದ್ದೀನಿ!"

"ಊಟಕ್ಕೂ ರಾಜೀನಾಮೆ ಕೊಡು. ಮುಂದಾಲೋಚನೆ ಮಾಡಿ ಮನೇಲೇ ತಿಂದು ಬರಬೇಕಾಗಿತ್ತು."

ಮುಕ್ಕಾಲು ಹೊಟ್ಟೆಯಲ್ಲೂ ಅರ್ಧ ವಕೀಲನ ಬುದ್ಧಿ ಚೆನ್ನಾಗಿಯೇ ಓಡುತ್ತಿತ್ತು. "ಮನೆ ಉಳಿಸಿಕೊಳ್ಳೋಕೆ ಒಂದು ದಾರಿ ಇದೆ" ಅಂದ. "ತೆರಿಗೆ ಕಚೇರಿಯೋರು ವಿಚಾರಣೆಗೆ ಕರೀತಾರೆ, ಅಲ್ಲಿ ದೊಡ್ಡಮ್ಮ ಒಂದೇ ಮಾತು ಹೇಳಬೇಕು. 'ನನಗೇನೂ ಗೊತ್ತಿಲ್ಲ.' ಕಾರ್ಖಾನೆ ಮೆಟ್ಟಿಲು ಹತ್ತಿಲ್ಲ, ಲೆಕ್ಕ ನೋಡಿಲ್ಲ, ಹೆಸರಿಗೆ ಮಾತ್ರ ಡೈರೆಕ್ಟರು. ಅಷ್ಟು ಹೇಳಿದ್ರೆ ಬಿಟ್ಟರೂ ಬಿಡಬಹುದು. ಎಲ್ಲಿ, ಹೇಳಿ ನೋಡೋಣ?"

"ನನಗೇನೂ ಗೊತ್ತಿಲ್ಲ."

"ಇನ್ನೂ ಸ್ವಲ್ಪ ದಡ್ಡತನ ಇರಲಿ ದೊಡ್ಡಮ್ಮ."

"ಅದಕ್ಕೆ ನಿನ್ನ ಮುಖ ನೋಡ್ಕೊಂಡು ಹೇಳ್ತೀನಿ ಬಿಡು" ಅಂದಳು ಅಜ್ಜಿ.

ಆ ವಾರವೆಲ್ಲ ಮನೆಯಲ್ಲಿ ಅಭ್ಯಾಸ ನಡೆಯಿತು. ಅಜ್ಜಿಗೆ ಆ ಮಾತು ಎಷ್ಟು ಒಗ್ಗಿಹೋಯಿತೆಂದರೆ, ಹಾಲು ಯಾಕೆ ಉಕ್ಕಿತು ಅಂದರೆ ನನಗೇನೂ ಗೊತ್ತಿಲ್ಲ, ಕನ್ನಡಕ ಎಲ್ಲಿ ಅಂದರೆ ನನಗೇನೂ ಗೊತ್ತಿಲ್ಲ. ಪಕ್ಕದ ಮನೆಯಾಕೆ ಬಂದು ನಿಮ್ಮ ಸೊಸೆ ಹೇಗಿದ್ದಾಳೆ ಅಂತ ಕೇಳಿದ್ದಕ್ಕೂ ಅದೇ ಉತ್ತರ ಕೊಟ್ಟಳು. ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂದು ಸಂಜೆಯೊಳಗೆ ಬೀದಿ ತುಂಬ ಸುದ್ದಿಯಾಯಿತು.

ರಜೆಯ ದಿನ ಬೆಳಿಗ್ಗೆ ಕಾರ್ಖಾನೆಯ ಹಿರಿಯ ವೆಲ್ಡರ್ ಮನೆಗೆ ಬಂದ. ಬಾಡಿಗೆ ಶೆಡ್ಡಿನ ಕಾಲದಿಂದಲೂ ಜೊತೆಗಿದ್ದವನು. ಕುರ್ಚಿಯ ಅಂಚಿನಲ್ಲಿ ಕೂತ. ಅಜ್ಜಿ ಚಹಾ ತಂದುಕೊಟ್ಟಳು.

"ಮನೆ ಕಟ್ಟೋಕೆ ಸಾಲ ಕೇಳಿದ್ದೆ ಸಾರ್. ಬ್ಯಾಂಕಿನೋರು ಕೊಡಲ್ಲ ಅಂದ್ರು. ನಿನ್ನ ಹೆಸರಲ್ಲಿ ಒಂದೂವರೆ ವರ್ಷದಿಂದ ತೆರಿಗೇನೇ ಬಂದಿಲ್ಲ ಅಂತಾರೆ. ಪ್ರತಿ ತಿಂಗಳೂ ಸಂಬಳದಲ್ಲಿ ಹಿಡೀತೀರಲ್ಲ ಸಾರ್?"

ಏಣಿಯಣ್ಣ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದ. "ಕಷ್ಟ ಇತ್ತಪ್ಪ. ನಿನಗೆ ಗೊತ್ತಲ್ಲ. ಆ ದುಡ್ಡಲ್ಲೇ ನಿಮಗೆಲ್ಲ ಸಂಬಳ ಕೊಟ್ಟೆ."

ವೆಲ್ಡರ್ ಲೋಟ ಕೆಳಗಿಟ್ಟ. "ಅಂದ್ರೆ ನನ್ನ ದುಡ್ಡಲ್ಲೇ ನನಗೆ ಸಂಬಳ ಕೊಟ್ರಾ ಸಾರ್?"

"ಹಾಗಲ್ಲ..."

"ಕಷ್ಟದಲ್ಲೂ ಸಂಬಳ ನಿಲ್ಲಿಸಲಿಲ್ಲ ಅಂತ ನಾನು ಬೇರೆ ಹೆಂಡತಿ ಮುಂದೆ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು." ಅವನು ಅಜ್ಜಿಯ ಕಡೆ ತಿರುಗಿದ. "ಅಮ್ಮ, ನೀವೂ ಡೈರೆಕ್ಟರಂತೆ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ನನಗೇನೂ ಗೊತ್ತಿಲ್ಲ" ಅಂದಳು ಅಜ್ಜಿ.

ಮಾತು ಅಭ್ಯಾಸಬಲದಿಂದ ಬಾಯಿಂದ ಬಿದ್ದುಹೋಗಿತ್ತು. ವೆಲ್ಡರ್ ಚಹಾ ಅರ್ಧಕ್ಕೇ ಬಿಟ್ಟು, ಲೋಟವನ್ನು ತಾನೇ ಅಡುಗೆಮನೆಯ ತೊಟ್ಟಿಯಲ್ಲಿಟ್ಟು ಹೋದ. ಅಜ್ಜಿ ಆ ದಿನ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಕರೆದರೆ, ಹಸಿವಿಲ್ಲ ಅಂದಳು. ಸಂಜೆ ಮಾತ್ರ ಡಬ್ಬಿಯೊಂದನ್ನು ತೊಳೆದು ಒರೆಸಿ ಒಣಗಲು ಇಟ್ಟಳು.

ಸೋಮವಾರ ಬೆಳಿಗ್ಗೆ ಆ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು, ಬಸ್ಸು ಹತ್ತಿ, ಮಗನಿಗಿಂತ ಮುಂಚೆ ಕಾರ್ಖಾನೆ ತಲುಪಿದಳು. ಏಣಿಯಣ್ಣ ಬಂದು ನೋಡಿದರೆ ತನ್ನ ತಿರುಗುವ ಕುರ್ಚಿಯಲ್ಲಿ ತಾಯಿ ಕೂತಿದ್ದಾಳೆ. ಕಾಲು ನೆಲಕ್ಕೆ ಎಟುಕದೆ ಕುರ್ಚಿ ಮೆಲ್ಲಗೆ ತನ್ನಷ್ಟಕ್ಕೆ ತಿರುಗುತ್ತಿದೆ.

"ಏನಮ್ಮ ಇದು!"

"ಡೈರೆಕ್ಟರು. ಕೆಲಸಕ್ಕೆ ಬಂದಿದ್ದೀನಿ. ಮೊದಲು ಈ ಕುರ್ಚಿ ನಿಲ್ಲಿಸು, ತಲೆ ತಿರುಗ್ತಿದೆ."

"ನೀನು ಇಲ್ಲಿ ಕಾಣಿಸಿಕೊಳ್ಳಬಾರದು ಅಂತ ಅವನು ಅಷ್ಟು ಹೇಳಿದ್ದಾನೆ!"

"ಅವನು ನನ್ನ ಸೊಸೆಯ ತಮ್ಮ, ನನ್ನ ಗಂಡನಲ್ಲ. ಯಾಕಪ್ಪ ಹಗಲು ಹೊತ್ತಲ್ಲಿ ಇಷ್ಟು ದೀಪ?" ಎಂದು ಅಜ್ಜಿ ಎದ್ದು ಗೋಡೆಯ ಮೇಲಿದ್ದ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದಳು. ದೀಪಗಳು ಉರಿಯುತ್ತಲೇ ಇದ್ದವು. ಒಳಗೆ ವೆಲ್ಡಿಂಗ್ ಯಂತ್ರ, ಕತ್ತರಿಸುವ ಯಂತ್ರ ಎಲ್ಲ ನಿಂತುಹೋದವು. ಅವನ್ನು ಮತ್ತೆ ಸರಿಯಾಗಿ ಓಡಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಆ ದಿನ ಅವಳು ಉಳಿಸಿದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು.

ಆದರೂ ಮರುದಿನ ಬಂದಳು, ಅದರ ಮರುದಿನವೂ ಬಂದಳು. ಕೆಲಸಗಾರರ ಜೊತೆ ಕೂತು ಉಂಡಳು. ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರ ಮಗಳಿಗೆ ಶಾಲೆಯ ಫೀಜು ಕಟ್ಟಿಲ್ಲ, ಎಲ್ಲ ತಿಳಿದುಕೊಂಡಳು. ಮಗನ ಕೋಣೆಯ ಫೋನು ಹೊಡೆದುಕೊಂಡರೆ ತಾನೇ ಎತ್ತುತ್ತಿದ್ದಳು. ಬುಧವಾರ ಒಂದು ಫೋನು ಬಂತು.

"ಯಾರು ಮಾತಾಡ್ತಿರೋದು?"

"ಡೈರೆಕ್ಟರು."

"ಯಾವ ಡೈರೆಕ್ಟರು?"

"ಎಷ್ಟು ಜನ ಬೇಕಪ್ಪ ನಿನಗೆ? ವಿಷಯ ಹೇಳು. ನನಗೆ ಗೊತ್ತಿಲ್ಲದೆ ಇಲ್ಲಿ ಒಂದು ಮೊಳೆ ಅಲ್ಲಾಡಲ್ಲ."

ಆ ಕಡೆ ಕಾಗದ ಮಗುಚುವ ಸದ್ದಾಯಿತು. "ಸರಿ ಅಮ್ಮ" ಅಂತು ದನಿ. "ಶುಕ್ರವಾರ ವಿಚಾರಣೆ ಇದೆ, ಜ್ಞಾಪಿಸೋಣ ಅಂತ ಮಾಡಿದೆ. ಬಟಾಣಿ ಎಲ್ಲ ಸಿಕ್ತಾ?"

ಶುಕ್ರವಾರ ತೆರಿಗೆ ಕಚೇರಿಯ ಉದ್ದನೆಯ ಬೆಂಚಿನ ಮೇಲೆ ಮನೆಮಂದಿಯೆಲ್ಲ ಸಾಲಾಗಿ ಕೂತಿದ್ದರು. ಟೀಚರ್ ಅರ್ಧ ದಿನ ರಜೆ ಹಾಕಿದ್ದಳು. ಅರ್ಧ ವಕೀಲ ಹೊಸ ಷರಟು ಹಾಕಿಕೊಂಡು, ತಾನು ಬರೀ ಸಲಹೆ ಕೊಡಲು ಬಂದವನು ಎಂದು ಜವಾನನಿಗೂ ಹೇಳಿದ. ಒಳಗೆ ಕರೆದಾಗ ಎಲ್ಲರಿಗಿಂತ ಮುಂಚೆ ಹೋಗಿ ಕೂತ.

ಅಧಿಕಾರಿ ಮೊದಲು ಅವನನ್ನೇ ನೋಡಿದ. "ನೀವು ರಾಜೀನಾಮೆ ಕೊಟ್ಟಿದ್ದೀರಿ."

"ಹೌದು ಸಾರ್" ಎಂದು ಅವನು ಕಾಲ ಮೇಲೆ ಕಾಲು ಹಾಕಿದ.

"ಅದಕ್ಕೆ ಮುಂಚಿನ ಅಷ್ಟೂ ತಿಂಗಳು ನೀವು ಡೈರೆಕ್ಟರಾಗಿದ್ದಿರಿ. ಆಗ ಹಿಡಿದು ಕಟ್ಟದೆ ಇದ್ದ ತೆರಿಗೆಗೆ ನೀವೂ ಜವಾಬ್ದಾರರು. ಬಾಗಿಲು ದಾಟಿ ಹೋದ್ರೆ ಒಳಗೆ ಮಾಡಿದ್ದು ಅಳಿಸಿಹೋಗಲ್ಲ."

ಮೇಲಿದ್ದ ಕಾಲು ಕೆಳಗಿಳಿಯಿತು. "ಎರಡನೇ ವರ್ಷದಲ್ಲಿ ಆ ಪಾಠ ಇರಲಿಲ್ಲ ಸಾರ್" ಅಂದ ಅರ್ಧ ವಕೀಲ ಸಣ್ಣ ದನಿಯಲ್ಲಿ.

"ಮೂರನೇ ವರ್ಷಕ್ಕೆ ಇಟ್ಟಿರಬೇಕು" ಅಂದಳು ಟೀಚರ್.

"ಒಬ್ಬೊಬ್ಬರ ಪಾಲು ಎಷ್ಟು ಬರುತ್ತೆ ಸಾರ್?" ಎಂದು ಏಣಿಯಣ್ಣ ಕೇಳಿದ.

"ಪಾಲು ಅಂತ ಇಲ್ಲ. ಮೂವರಲ್ಲಿ ಯಾರಿಂದ ಬೇಕಾದ್ರೂ ಪೂರ್ತಿ ವಸೂಲು ಮಾಡಬಹುದು. ಯಾರ ಹತ್ತಿರ ಇದೆಯೋ ಅವರಿಂದ. ಅವರು ಆಮೇಲೆ ಉಳಿದವರ ಹತ್ತಿರ ಕೇಳಿಕೊಳ್ಳಬೇಕು."

ಎಲ್ಲರ ಕಣ್ಣೂ ಅಜ್ಜಿಯ ಕಡೆ ಹೊರಳಿತು.

"ನನ್ನನ್ನ ಯಾಕೆ ನೋಡ್ತೀರಿ? ನಾನೇನು ಬ್ಯಾಂಕಾ?" ಅಂದಳು ಅಜ್ಜಿ.

ಅಧಿಕಾರಿ ಅವಳ ಕಡೆ ತಿರುಗಿದ. "ಅಮ್ಮ, ತೆರಿಗೆ ಕಟ್ಟಿಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?"

ಅರ್ಧ ವಕೀಲ ಕಣ್ಸನ್ನೆ ಮಾಡಿದ. ಹಿಂದಿನ ವಾರವೆಲ್ಲ ಕಲಿತ ಮಾತು ಅಜ್ಜಿಯ ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿರಲಿಲ್ಲಪ್ಪ" ಅಂದಳು. "ಆದ್ರೆ ಕೇಳಲೂ ಇಲ್ಲ. ಕಾರು ಬಂದಾಗ ಹಿಂದಿನ ಸೀಟಲ್ಲಿ ಕೂತು ಇಡೀ ಊರು ಸುತ್ತಿದೆ, ಇದು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಆ ವೆಲ್ಡರ್ ಮನೆ ಇಲ್ಲದೆ ಕೂತಿದ್ದಾನೆ. ಈಗ ನನ್ನ ಮನೆ ಉಳಿಸೋಕೆ ನನಗೇನೂ ಗೊತ್ತಿಲ್ಲ ಅಂತ ಇನ್ನೊಂದು ಸಲ ಹೇಳೋಕೆ ನನ್ನಿಂದ ಆಗಲ್ಲ. ಇವರು ಕಟ್ತಾರೆ. ನಾನು ಕಟ್ಟಿಸ್ತೀನಿ. ಸ್ವಲ್ಪ ಕಾಲ ಕೊಡು."

ಏಣಿಯಣ್ಣ ತಲೆ ತಗ್ಗಿಸಿದ. ಅವನ ಕಣ್ಣು ಒದ್ದೆಯಾದದ್ದನ್ನು ಹೆಂಡತಿ ನೋಡಿದಳು. ನೋಡಿಲ್ಲದವಳ ಹಾಗೆ ಅವನ ಕೈಗೆ ಕರವಸ್ತ್ರ ತುರುಕಿದಳು.

ಕಂತಿನಲ್ಲಿ ಕಟ್ಟಲು ಒಪ್ಪಿಗೆ ಸಿಕ್ಕಿತು. ಒಂದು ಕಂತು ತಪ್ಪಿದರೂ ಮನೆಯ ಮೇಲೆ ಕೈ ಇಡಬೇಕಾಗುತ್ತದೆ ಎಂದು ಅಧಿಕಾರಿ ಸ್ಪಷ್ಟವಾಗಿ ಹೇಳಿದ. ಹೊರಗೆ ಬಂದ ಮೇಲೆ ಅಜ್ಜಿ ಕಾರಿನ ಸುತ್ತ ಒಂದು ಸುತ್ತು ಬಂದು, "ಇದನ್ನ ಇಲ್ಲಿಂದಲೇ ಮಾರೋಕೆ ಆಗುತ್ತಾ, ಮನೆಗೆ ತಗೊಂಡು ಹೋಗಬೇಕಾ?" ಎಂದು ಕೇಳಿದಳು.

ಕಾರು ಆ ವಾರವೇ ಹೋಯಿತು. ಗಾಜಿನ ಷೋರೂಮಿಗೆ ಬೀಗ ಬಿತ್ತು. ಕಾರು ಮಾರಿ ಬಂದ ದುಡ್ಡಿನಲ್ಲಿ ಮೊದಲ ಕಂತು ಹೇಗೋ ಹುಟ್ಟಿತು. ಅರ್ಧ ವಕೀಲ ತನ್ನ ಪಾಲು ಕೂಡಿಸಲು ಸ್ವಂತ ಫ್ಲಾಟನ್ನು ಬಾಡಿಗೆಗೆ ಕೊಟ್ಟು, ಎರಡು ಪೆಟ್ಟಿಗೆ, ಒಂದು ವ್ಯಾಯಾಮದ ಸೈಕಲ್ಲು ಹೊತ್ತು ಅಕ್ಕನ ಮನೆಗೇ ಬಂದು ಸೇರಿಕೊಂಡ. ಹಜಾರದ ಸೋಫಾ ಅವನ ಮಂಚವಾಯಿತು. ಪಾತ್ರೆ ತೊಳೆಯುವುದು ಅವನ ಪಾಲಿಗೆ ಬಂತು.

"ಮಾವ, ಬಾಣಲೆ ತಳದಲ್ಲಿ ಮಸಿ ಹಾಗೇ ಇದೆ" ಅನ್ನುತ್ತಿದ್ದಳು ಅಕ್ಕನ ಮಗಳು.

"ಅದು ನಾನು ಅಧಿಕಾರ ವಹಿಸಿಕೊಳ್ಳೋಕೆ ಮುಂಚಿನ ಮಸಿ."

"ಆಗಿನದಕ್ಕೂ ನೀನೇ ಜವಾಬ್ದಾರ. ಉಜ್ಜು."

ಊಟದ ಮೇಜಿನಲ್ಲಿ ಜಗಳಕ್ಕೆ ಬರವಿರಲಿಲ್ಲ. ಬೆಣ್ಣೆ ಕಡಿಮೆಯಾಯಿತೆಂದು ಏಣಿಯಣ್ಣ ಗೊಣಗಿದರೆ, ಬೆಣ್ಣೆ ತಿಂದೇ ಈ ಗತಿ ಬಂದಿದೆ ಅನ್ನುತ್ತಿದ್ದಳು ಟೀಚರ್. ಮೊಮ್ಮಗಳು ಸ್ನೇಹಿತೆಯರ ಜೊತೆ ಪ್ರವಾಸ ಹೋಗಬೇಕೆಂದು ಹಟ ಹಿಡಿದು, ಎರಡು ದಿನ ಯಾರ ಜೊತೆಗೂ ಮಾತಾಡದೆ ಬಾಗಿಲು ಬಡಿಯುತ್ತ ಓಡಾಡಿದಳು. ಕೊನೆಗೆ ಅವಳೇ ಒಂದು ಉಪಾಯ ಹೇಳಿದಳು. "ಅಪ್ಪ, ಹಿತ್ತಲಲ್ಲಿ, ಷೋರೂಮಲ್ಲಿ ಅಷ್ಟೊಂದು ಏಣಿ ಬಿದ್ದಿವೆ. ಕೊಳ್ಳೋರು ಬರ್ತಾರೆ ಅಂತ ಕಾಯೋ ಬದಲು ನಾವೇ ಹೊತ್ಕೊಂಡು ಹೋದ್ರೆ?"

"ನಾನು ಕಂಪನಿ ಮಾಲೀಕ ಕಣೇ. ಬೀದೀಲಿ ಏಣಿ ಮಾರಬೇಕಾ?"

"ಮನೆ ಹೋದ್ರೆ ಬೀದೀಲೇ ಇರ್ತೀಯ. ಆವಾಗ ಮಾರೋದಕ್ಕೆ ಇನ್ನೂ ಅನುಕೂಲ" ಅಂದಳು ಅಜ್ಜಿ.

ಹೀಗೆ ಪ್ರತಿ ಭಾನುವಾರ ಅವರು ಸಂತೆ ಬಯಲಿಗೆ ಕೈಗಾಡಿ ತಳ್ಳಿಕೊಂಡು ಹೋಗತೊಡಗಿದರು. ಮೊದಲ ಭಾನುವಾರ ಏಣಿಯಣ್ಣ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ನಿಂತಿದ್ದ. ಜನ ಏಣಿಯನ್ನು ತಟ್ಟಿ ನೋಡುತ್ತಿದ್ದರು, ಅಲ್ಲಾಡಿಸುತ್ತಿದ್ದರು, ಭಾರ ತಡೆಯುತ್ತದಾ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅಜ್ಜಿಗೆ ರೇಗಿತು. ಚಪ್ಪಲಿ ಕಳಚಿಟ್ಟು, ಯಾರಾದರೂ ತಡೆಯುವಷ್ಟರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಏಣಿಯ ತುದಿಗೆ ಹೋಗಿ ನಿಂತಳು.

"ನೋಡಿ! ಎಪ್ಪತ್ತು ದಾಟಿದವಳು ನಾನೇ ನಿಂತಿದ್ದೀನಿ. ನಿಮಗೇನು ಭಯ?"

ಜನ ನೆರೆದರು. ಅಲ್ಲಿಂದಲೇ ಅಜ್ಜಿ ಬೆಲೆ ಕೂಗಿದಳು. ಒಂದು, ಎರಡು, ಐದು ಏಣಿ ಖರ್ಚಾಯಿತು. ಮೊಮ್ಮಗಳಿಗೆ ಚಿಲ್ಲರೆ ಎಣಿಸಿ ಸಾಕಾಯಿತು. ವ್ಯಾಪಾರ ತಗ್ಗಿದ ಮೇಲೆ ಟೀಚರ್ ತಲೆಯೆತ್ತಿ, "ಇನ್ನು ಇಳಿದು ಬನ್ನಿ ಅತ್ತೆ" ಅಂದಳು.

"ಬಾ ಅಂದ್ರೆ ಹೇಗೆ ಬರಲಿ? ಹತ್ತೋವಾಗ ಕೆಳಗೆ ನೋಡಿರಲಿಲ್ಲ."

ಏಣಿಯಣ್ಣ ಹತ್ತಲು ಹೋದ. "ನೀನು ಹತ್ತಬೇಡ, ನಿನ್ನ ಭಾರಕ್ಕೆ ಮುರಿಯುತ್ತೆ!" ಎಂದು ಅಜ್ಜಿ ಚೀರಿದಳು. ಏಣಿ ಕೊಂಡವರಲ್ಲಿ ಇಬ್ಬರು ಗಾಬರಿಯಿಂದ ತಿರುಗಿ ನೋಡಿದರು. ಅರ್ಧ ವಕೀಲ ಕೆಳಗೆ ನಿಂತು, ಬಲಗಾಲು ಮೊದಲು ಇಡಬೇಕೋ ಎಡಗಾಲೋ ಎಂದು ವಾದ ಮಾಡುತ್ತಿದ್ದ. ಅಷ್ಟರಲ್ಲಿ ತರಕಾರಿ ಚೀಲ ಹಿಡಿದಿದ್ದ ಒಬ್ಬ ತೆಳ್ಳಗಿನ ಮನುಷ್ಯ ಗುಂಪು ಸರಿಸಿ ಬಂದ. ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು ಏಣಿ ಹತ್ತಿ, ಅಜ್ಜಿಯ ಒಂದೊಂದು ಪಾದವನ್ನೂ ಹಿಡಿದು ಒಂದೊಂದು ಮೆಟ್ಟಿಲ ಮೇಲೆ ಇಡಿಸುತ್ತ ಇಳಿಸಿದ.

ನೆಲ ಮುಟ್ಟಿದ ಮೇಲೆ ಅಜ್ಜಿ ಅವನ ಮುಖ ನೋಡಿದಳು. "ಅಯ್ಯೋ, ನೀನಾ!"

ಏಣಿಯಣ್ಣ ಓಡಿಬಂದ. "ಸಾರ್, ಸಾರ್, ಒಂದು ಏಣಿ ತಗೊಂಡು ಹೋಗಿ. ದುಡ್ಡು ಬೇಡ. ಪ್ರೀತಿಯಿಂದ."

ಅಧಿಕಾರಿ ಕೆಂಡ ತುಳಿದವನಂತೆ ಹಿಂದಕ್ಕೆ ಜಿಗಿದ. "ಛೆ ಛೆ, ಏನು ಮಾತಾಡ್ತೀರಿ! ಅಟ್ಟ ಹತ್ತೋಕೆ ನಮಗೆ ಒಂದು ಬೇಕಾಗೇ ಇದೆ. ಅದರ ಬೆಲೆ ಎಷ್ಟೋ ಅಷ್ಟು ಹೇಳಿ."

"ಬೇಡ ಸಾರ್..."

"ಸುಮ್ಮನಿರೋ" ಅಂದಳು ಅಜ್ಜಿ. "ಪೂರ್ತಿ ಬೆಲೆ ತಗೋ. ನಾಳೆ ಕಂತಿಗೆ ಅದನ್ನೇ ಕಟ್ಟಬೇಕು. ರಸೀದಿ ಕೊಡೋದು ಮರೀಬೇಡ."

ಅಧಿಕಾರಿಯ ಹೆಂಡತಿ ಮಾತ್ರ ಇಷ್ಟು ಪ್ರಾಮಾಣಿಕತೆಯನ್ನು ಒಪ್ಪಲಿಲ್ಲ. ಚೌಕಾಸಿ ಮಾಡದೆ ಯಾರಾದರೂ ಸಂತೆಯಲ್ಲಿ ಕೊಳ್ಳುತ್ತಾರಾ ಎಂದು ಗಂಡನನ್ನು ದಾರಿಯುದ್ದಕ್ಕೂ ಬೈಯುತ್ತ ಹೋದಳು. ಅವನು ಏಣಿ ಹೊತ್ತುಕೊಂಡು ಹಿಂದೆ ನಡೆದ.

ಒಂದೊಂದಾಗಿ ಕಂತುಗಳು ಮುಗಿದವು. ಒಂದು ತಿಂಗಳು ತಪ್ಪಿಯೇ ಹೋಗುವುದರಲ್ಲಿತ್ತು. ಅರ್ಧ ವಕೀಲ ವ್ಯಾಯಾಮದ ಸೈಕಲ್ಲು ಮಾರಿದ. ಕೊನೆಯ ಕಂತು ಕಟ್ಟಿದ ವಾರ ವೆಲ್ಡರಿಗೆ ಸಾಲ ಮಂಜೂರಾಯಿತು. ಏಣಿಯಣ್ಣ ಅವನನ್ನು ಮನೆಗೆ ಊಟಕ್ಕೆ ಕರೆದ. ಊಟಕ್ಕೆ ಕೂರುವ ಮುಂಚೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಅಮ್ಮ ಸಾಕು ಅಂತಿದ್ದಾಳೆ. ಇವನು ಮುಂಚೆಯೇ ಓಡಿಹೋಗಿದ್ದಾನೆ. ಕಾನೂನು ಪ್ರಕಾರ ಕಂಪನಿಗೆ ಇನ್ನೊಬ್ಬ ಡೈರೆಕ್ಟರು ಬೇಕು. ಮೊದಲಿಂದ ಜೊತೆಗಿದ್ದವನು ನೀನು. ನಿನ್ನನ್ನೇ ಮಾಡಬೇಕು ಅಂತ ನನ್ನ ಆಸೆ."

ವೆಲ್ಡರ್ ಮುಖದ ಬಣ್ಣ ಇಳಿದುಹೋಯಿತು. "ನಾನೇನು ತಪ್ಪು ಮಾಡಿದೆ ಸಾರ್?"

"ಗೌರವ ಕಣಯ್ಯ ಇದು!"

"ಬೇಡ ಸಾರ್. ಮಕ್ಕಳೊಂದಿಗ ನಾನು. ಈಗ ತಾನೇ ಮನೆಗೆ ಸಾಲ ಸಿಕ್ಕಿದೆ. ಬೇಕಾದ್ರೆ ಭಾನುವಾರವೂ ಬಂದು ವೆಲ್ಡಿಂಗ್ ಮಾಡ್ತೀನಿ. ಇದೊಂದು ಬೇಡ."

ಏಣಿಯಣ್ಣ ಮೇಜಿನ ಸುತ್ತ ನೋಡಿದ. ಅರ್ಧ ವಕೀಲ ಯಾರೂ ಹೇಳದೆಯೇ ಪಾತ್ರೆ ತೊಳೆಯಲು ಎದ್ದು ಹೋದ. ಮೊಮ್ಮಗಳು ತನಗೆ ನಾಳೆ ಪರೀಕ್ಷೆ ಅಂದಳು. ಅಜ್ಜಿಗೆ ಕಿವಿ ಕೇಳಿಸುವುದೇ ನಿಂತಿತ್ತು.

"ನಾನಾಗ್ತೀನಿ" ಅಂದಳು ಟೀಚರ್.

"ನೀನಾ?"

"ಯಾಕೆ? ಕಾಗದ ಕೊಡಿ."

ಅವಳು ಕನ್ನಡಕ ಹಾಕಿಕೊಂಡು ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಕೆಂಪು ಪೆನ್ನಿನಿಂದ ಮೂರು ಕಡೆ ಕಾಗುಣಿತ ತಿದ್ದಿದಳು. ಎರಡು ಕಡೆ ಗಂಡನಿಗೆ ಪ್ರಶ್ನೆ ಕೇಳಿದಳು. ಒಂದಕ್ಕೆ ಅವನಿಗೆ ಉತ್ತರ ಗೊತ್ತಿರಲಿಲ್ಲ, ಅರ್ಧ ವಕೀಲನನ್ನು ಒದ್ದೆ ಕೈಯಲ್ಲೇ ಕರೆಸಬೇಕಾಯಿತು. ಬ್ಯಾಂಕಿನ ಪ್ರತಿ ಪಾವತಿಗೂ ತನ್ನ ಒಪ್ಪಿಗೆ ಇರಬೇಕು ಎಂದು ಒಂದು ಸಾಲು ಸೇರಿಸಿದಳು. ಆಮೇಲೆ ಪೂರ್ತಿ ಹೆಸರು ಬರೆದು ರುಜು ಹಾಕಿದಳು. ಆ ಹೆಸರನ್ನು ಬರೆದದ್ದು ನೋಡಿ ಏಣಿಯಣ್ಣನಿಗೆ, ಮದುವೆಯಾಗಿ ಇಷ್ಟು ವರ್ಷವಾದರೂ, ಹೊಸಬಳೊಬ್ಬಳ ಎದುರು ಕೂತ ಹಾಗಾಯಿತು.

"ಸದ್ಯ, ಮುಗೀತು" ಎಂದು ಅವನು ತಟ್ಟೆ ಎಳೆದುಕೊಂಡ. "ಬಡಿಸು, ಹೊಟ್ಟೆ ಚುರುಗುಟ್ತಿದೆ."

ಟೀಚರ್ ಸೌಟು ಕೈಗೆತ್ತಿಕೊಳ್ಳಲಿಲ್ಲ. "ಈ ತಿಂಗಳು ಸಂಬಳದಿಂದ ಹಿಡಿದ ತೆರಿಗೆ ಕಟ್ಟಿದ್ದೀರಾ?"

"ನಾಳೆ ಬೆಳಿಗ್ಗೆ ಎದ್ದ ಕೂಡಲೇ..."

"ಊಟವೂ ನಾಳೆ ಬೆಳಿಗ್ಗೆ ಎದ್ದ ಕೂಡಲೇ."

ವೆಲ್ಡರ್ ತನ್ನ ತಟ್ಟೆಯನ್ನು ಸದ್ದಿಲ್ಲದೆ ಸ್ವಲ್ಪ ಹಿಂದಕ್ಕೆ ಸರಿಸಿದ. ಏಣಿಯಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಅವನ ಕಡೆಗಿರಲಿಲ್ಲ. ಜೇಬಿನಿಂದ ಫೋನು ತೆಗೆದು ಒತ್ತತೊಡಗಿದ. ಟೀಚರಳ ಫೋನಿಗೆ ಒಪ್ಪಿಗೆ ಕೇಳಿ ಸಂದೇಶ ಬಂತು. ಅವಳು ಮೊತ್ತವನ್ನು ಎರಡು ಸಲ ಓದಿ ಒಪ್ಪಿಗೆ ಒತ್ತಿದಳು. ಪರದೆಯ ಮೇಲೆ ಸಣ್ಣದೊಂದು ಚಕ್ರ ಗಿರಗಿರನೆ ತಿರುಗಲು ಶುರುವಾಯಿತು. ತಿರುಗಿತು, ನಿಂತಿತು, ಮತ್ತೆ ತಿರುಗಿತು. ಮನ್ನಿಸಿ, ಪಾವತಿ ಆಗಲಿಲ್ಲ ಅಂದಿತು ಪರದೆ. ಏಣಿಯಣ್ಣ ಮೊದಲಿಂದ ಮತ್ತೆ ಒತ್ತಿದ. ಅರ್ಧ ವಕೀಲ ಸೋಪಿನ ನೊರೆಯ ಕೈ ಎತ್ತಿ ಹಿಡಿದುಕೊಂಡು ಬಂದು ಅವನ ಭುಜದ ಹಿಂದೆ ನಿಂತ. ಮೊಮ್ಮಗಳು ಬಂದಳು. ಕಿವಿ ಕೇಳಿಸದ ಅಜ್ಜಿಯೂ ಎದ್ದು ಬಂದಳು. ಆರು ಜನ ಆ ಚಕ್ರವನ್ನು ನೋಡುತ್ತ ನಿಂತರು. ಮೇಜಿನ ಮೇಲೆ ಅನ್ನ ಆರುತ್ತಿತ್ತು.

ಫೋನು ಟಿಂಗ್ ಅಂದಿತು.

"ಹೋಯ್ತು!" ಎಂದು ವೆಲ್ಡರ್ ಎಲ್ಲರಿಗಿಂತ ಜೋರಾಗಿ ಕೂಗಿದ.

"ರಸೀದಿ ತೋರಿಸಿ" ಅಂದಳು ಟೀಚರ್. ಅವನು ತೋರಿಸಿದ. ಅವಳು ಓದಿದಳು, ಕನ್ನಡಕ ತೆಗೆದಿಟ್ಟಳು, ಸೌಟು ಎತ್ತಿಕೊಂಡು ಮೊದಲು ವೆಲ್ಡರಿಗೆ ಬಡಿಸಿದಳು.